ಬೇಲೂರು–ಹಳೇಬೀಡಿಗೆ ನೆಂಟರನ್ನು ಕರೆದೊಯ್ಯುವ ಮುನ್ನ

ಹಾಸನದಲ್ಲಿ ಮನೆಯಿದ್ದವರಿಗೆ, ಊರಿಂದ ಬಂದ ನೆಂಟರಿಗೆ ಬೇಲೂರು–ಹಳೇಬೀಡು ತೋರಿಸುವುದು ಊಟ ಬಡಿಸುವಷ್ಟೇ ಕಡ್ಡಾಯವಾದ ಉಪಚಾರ. ಈ ಉಪಚಾರವನ್ನು ಹಲವು ವರ್ಷಗಳಿಂದ ಮಾಡುತ್ತ ಬಂದಿದ್ದರೂ ಮೊದಲ ಕೆಲವು ಸಲ ನಾನು ಅದನ್ನು ತೀರ ಕೆಟ್ಟದಾಗಿಯೇ ಮಾಡಿದೆನೆಂದು ಒಪ್ಪಿಕೊಳ್ಳಬೇಕು. ಒಂದು ಏಪ್ರಿಲ್ ತಿಂಗಳಲ್ಲಿ ಬಾಡಿಗೆ ಕಾರಿನವರ ಮಾತಿಗೆ ತಲೆಯಾಡಿಸಿ ಒಂದೇ ದಿನಕ್ಕೆ ಐದು ಸ್ಥಳಗಳ ಪಟ್ಟಿ ಮಾಡಿ, ಮಟಮಟ ಮಧ್ಯಾಹ್ನ ಬೇಲೂರಿನ ಅಂಗಳಕ್ಕೆ ಸೋದರತ್ತೆಯನ್ನು ಬರಿಗಾಲಲ್ಲಿ ಇಳಿಸಿದೆ. ಕಾದ ಚಪ್ಪಡಿಯ ಮೇಲೆ ನಾಲ್ಕು ಹೆಜ್ಜೆ ಇಟ್ಟ ಅವರು ಗೋಪುರದ ನೆರಳಿಗೆ ಓಡಿ ಕುಳಿತವರು ಮತ್ತೆ ಮೇಲೇಳಲಿಲ್ಲ. ಚೆನ್ನಕೇಶವನ ಗರ್ಭಗುಡಿಯ ಬಾಗಿಲು ಆಗಲೇ ಮುಚ್ಚಿತ್ತು. ಅತ್ತೆ ಇವತ್ತಿಗೂ ಬೇಲೂರು ಎಂದರೆ ಕಾಲಿನ ಬೊಬ್ಬೆಯನ್ನೇ ನೆನೆಯುತ್ತಾರೆ. ಮುಂದೆ ಬರೆದಿರುವುದೆಲ್ಲ ಆ ದಿನದ ನಂತರ ಕಲಿತದ್ದು.

ನನ್ನ ಸಲಹೆಯ ತಿರುಳು ಇಷ್ಟೇ: ಒಂದು ದಿನಕ್ಕೆ ಎರಡೇ ದೊಡ್ಡ ದೇಗುಲಗಳನ್ನು ಇಟ್ಟುಕೊಳ್ಳಿ, ಬಿಸಿಲು ಯಾವ ಗೋಡೆಯ ಮೇಲೆ ಯಾವಾಗ ಬೀಳುತ್ತದೆಂದು ನೋಡಿ ಸಮಯ ಗೊತ್ತುಮಾಡಿ, ಒಳಗೆ ಹೋಗುವ ಮುನ್ನ ಹೊರಗೆ ಒಂದು ಪ್ರದಕ್ಷಿಣೆ ಮುಗಿಸಿ. ಬೇಲೂರು, ಹಳೇಬೀಡಿನ ಹೊಯ್ಸಳ ಗುಡಿಗಳು ಎತ್ತರದ ಜಗತಿಯ, ಅಂದರೆ ಕಲ್ಲಿನ ಕಟ್ಟೆಯ, ಮೇಲೆ ನಿಂತಿವೆ. ಗೋಡೆಯ ಅಂಕುಡೊಂಕನ್ನೇ ಅನುಸರಿಸುವ ಆ ಜಗತಿಯು ಕಟ್ಟಡದ ಸುತ್ತ ಅಗಲವಾದ ಹಾದಿಯನ್ನು ಬಿಟ್ಟುಕೊಡುತ್ತದೆ. ಸುತ್ತು ಬರುವವರಿಗಾಗಿಯೇ ಮಾಡಿದ ಹಾದಿ ಅದು. ನೇರವಾಗಿ ಬಾಗಿಲಿಗೆ ನುಗ್ಗಿ ದರ್ಶನ ಮುಗಿಸಿ ಹೊರಬರುವವರು ದೇವರನ್ನು ನೋಡಿರುತ್ತಾರೆ, ದೇಗುಲವನ್ನು ನೋಡಿರುವುದಿಲ್ಲ.

ಎರಡನೆಯದಾಗಿ, ಪೂಜೆ ನಡೆಯುವ ಗುಡಿಗೂ ಸ್ಮಾರಕವಾಗಿ ಉಳಿದ ಗುಡಿಗೂ ಇರುವ ವ್ಯತ್ಯಾಸವನ್ನು ಮನೆಯಲ್ಲಿಯೇ ನೆಂಟರಿಗೆ ಹೇಳಿಬಿಡಬೇಕು. ಬೇಲೂರಿನಲ್ಲಿ ನಿತ್ಯಪೂಜೆಯಿದೆ, ಚೈತ್ರದಲ್ಲಿ ರಥೋತ್ಸವವಿದೆ, ಮಧ್ಯಾಹ್ನ ದೇವರಿಗೆ ವಿಶ್ರಾಂತಿಯೂ ಇದೆ. ಹಳೇಬೀಡಿನಲ್ಲಿ ಕೈಮುಗಿಯಲು ಲಿಂಗವಿದ್ದರೂ ಬೇಲೂರಿನಂತಹ ಉತ್ಸವದ ಬದುಕಿಲ್ಲ. ಅಲ್ಲಿ ಸ್ಮಾರಕವೇ ಮುಂದು. ತೆಂಗಿನಕಾಯಿ, ತುಪ್ಪದ ಬತ್ತಿಗಳನ್ನೆಲ್ಲ ಕಟ್ಟಿಕೊಂಡು ಹಳೇಬೀಡಿಗೆ ಹೊರಟ ಅಜ್ಜಿಗೆ ಇದನ್ನು ಮೊದಲೇ ತಿಳಿಸದಿದ್ದರೆ ಅಲ್ಲಿ ಹೋದಮೇಲೆ ಪೆಚ್ಚುಮೋರೆ ಹಾಕುತ್ತಾರೆ.

ಬೆಳಿಗ್ಗೆ ಬೇಲೂರು

ಹಾಸನದಿಂದ ಬೇಲೂರಿಗೆ ಸುಮಾರು 40 ಕಿಲೋಮೀಟರ್, ಚಿಕ್ಕಮಗಳೂರಿನಿಂದ 25 ಕಿಲೋಮೀಟರಿನ ಆಸುಪಾಸು. ಎರಡೂ ಕಡೆಯಿಂದ ಸರ್ಕಾರಿ ಬಸ್ಸುಗಳು ಧಾರಾಳವಾಗಿವೆ. ಬೆಳಗಿನ ಎಂಟು ಗಂಟೆಗೆ ಗೋಪುರದ ಮುಂದೆ ಇರುವಂತೆ ಹೊರಡಿ. ಏಕೆಂದರೆ ದೇಗುಲವು ಪೂರ್ವಕ್ಕೆ ಮುಖಮಾಡಿದೆ, ಮುಂಬದಿಯ ಜಾಲಂಧ್ರಗಳ (ಕಲ್ಲಿನ ಜಾಲರಿ ಕಿಟಕಿಗಳ) ಮೇಲೆ ಮತ್ತು ಬಾಗಿಲ ಪಕ್ಕದ ಮದನಿಕೆಯರ (ಸೂರಿನಡಿಯ ಹೆಣ್ಣುಶಿಲ್ಪಗಳ) ಮೇಲೆ ಓರೆ ಬಿಸಿಲು ಬೀಳುವುದು ಆ ಹೊತ್ತಿನಲ್ಲಿಯೇ. ಸೂರ್ಯ ನೆತ್ತಿಗೆ ಬಂದನೆಂದರೆ ಚಾಚಿಕೊಂಡ ಸೂರಿನ ನೆರಳು ಮದನಿಕೆಯರ ಮುಖವನ್ನು ನುಂಗಿಬಿಡುತ್ತದೆ. ಆಮೇಲೆ ಮೊಬೈಲಿನಲ್ಲಿ ಉಳಿಯುವುದು ಕಪ್ಪು ಆಕೃತಿಗಳು ಮಾತ್ರ.

ಚಪ್ಪಲಿಯನ್ನು ಸ್ಟ್ಯಾಂಡಿನಲ್ಲಿ ಬಿಟ್ಟ ಕೂಡಲೇ ದಪ್ಪನೆಯ ಹತ್ತಿಯ ಕಾಲುಚೀಲ ಹಾಕಿಕೊಳ್ಳಿ. ಬೇಸಿಗೆಯಲ್ಲಿ ಅದು ಸುಡುವುದನ್ನು ತಪ್ಪಿಸುತ್ತದೆ. ಆದರೆ ಮಳೆಗಾಲದಲ್ಲಿ ಒದ್ದೆ ಕಲ್ಲಿನ ಮೇಲೆ ಕಾಲುಚೀಲ ಜಾರುವುದರಿಂದ ಆಗ ಬರಿಗಾಲೇ ವಾಸಿ. ಜಗತಿಯ ಮೆಟ್ಟಿಲುಗಳು ಎತ್ತರವಾಗಿರುವುದರಿಂದ ಮಂಡಿನೋವಿನ ಹಿರಿಯರಿಗೆ ಒಬ್ಬರು ಕೈ ಆಸರೆ ಕೊಡಬೇಕು.

ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದ ಈ ಗುಡಿಯಲ್ಲಿ ಏನನ್ನು ನೋಡಬೇಕೆಂದು ಕೇಳಿದರೆ ಎಲ್ಲರೂ ದರ್ಪಣಸುಂದರಿಯ ಹೆಸರನ್ನೇ ಹೇಳುತ್ತಾರೆ. ನೋಡಿ, ತಪ್ಪಿಲ್ಲ. ಆದರೆ ನಾನು ಮಕ್ಕಳನ್ನು ಕರೆದೊಯ್ದಾಗ ಬೇರೊಂದು ಕೆಲಸ ಕೊಡುತ್ತೇನೆ: ಮದನಿಕೆಯರ ತಲೆಯ ಮೇಲಿನ ಎಲೆಬಳ್ಳಿಯ ಚಪ್ಪರದಲ್ಲಿ ಒಂದು ಹಲ್ಲಿಯನ್ನು ಹುಡುಕಬೇಕು. ಕಲ್ಲಿನ ಆ ಹಲ್ಲಿ ಒಂದು ನೊಣದ ಮೇಲೆ ಕಣ್ಣಿಟ್ಟು ಹೊಂಚುಹಾಕಿದೆ; ಎರಡೂ ಸೇರಿದರೆ ಅಂಗೈಯಷ್ಟೂ ದೊಡ್ಡದಲ್ಲ. ಅದನ್ನು ಹುಡುಕಲು ಹೊರಟ ಮಕ್ಕಳು ತಮಗೇ ತಿಳಿಯದಂತೆ ಮದನಿಕೆಯರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿ ಮುಗಿಸಿರುತ್ತಾರೆ: ಸೀರೆ ಎಳೆಯುವ ಕೋತಿಯನ್ನು ಗದರಿಸುವವಳು, ಬೇಟೆಗೆ ಹೊರಟವಳು, ಮದ್ದಳೆ ಬಾರಿಸುವವಳು. ಕೆಳಗೆ ಅಡಿಪಟ್ಟಿಯಲ್ಲಿ ಆರುನೂರಕ್ಕೂ ಹೆಚ್ಚು ಆನೆಗಳಿವೆ, ಒಂದರ ನಿಲುವು ಇನ್ನೊಂದಕ್ಕಿಲ್ಲ. ಎಲ್ಲವನ್ನೂ ಎಣಿಸಲು ಹೋಗಬೇಡಿ, ಒಂದು ಮೂಲೆಯ ಹತ್ತನ್ನು ಮಾತ್ರ ಆರಿಸಿಕೊಂಡು ಸೊಂಡಿಲುಗಳು ಏನು ಮಾಡುತ್ತಿವೆಯೆಂದು ನೋಡಿ.

ಇಷ್ಟು ನಯವಾದ ಕೆತ್ತನೆ ಸಾಧ್ಯವಾದದ್ದು ಕಲ್ಲಿನ ಗುಣದಿಂದ. ಇದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿ ಸೋಕುತ್ತ ಹೋದಂತೆ ಗಟ್ಟಿಯಾಗುತ್ತದೆ. ಆದ್ದರಿಂದಲೇ ಕೊರಳ ಸರದ ಒಂದೊಂದು ಮಣಿಯ ಹಿಂದೆಯೂ ಉಳಿ ಹೋಗಿ ಬಂದಿದೆ. ಕೆಲವು ವಿಗ್ರಹಗಳ ಪೀಠದಲ್ಲಿ ಕೆತ್ತಿದವರ ಹೆಸರೂ ಉಂಟು: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಹಳಗನ್ನಡ ಲಿಪಿ ಓದಲು ಬಾರದಿದ್ದರೂ ಅಕ್ಷರಗಳ ಸಾಲನ್ನು ಗುರುತಿಸಬಹುದು. ಜಕಣಾಚಾರಿಯ ಕಥೆಯನ್ನು, ಕಪ್ಪೆ ಚೆನ್ನಿಗರಾಯನ ಹೊಕ್ಕುಳಲ್ಲಿ ಕಪ್ಪೆ ಸಿಕ್ಕ ಪ್ರಸಂಗವನ್ನು ಗೈಡುಗಳು ಸೊಗಸಾಗಿ ಹೇಳುತ್ತಾರೆ, ಕೇಳಿ ಸಂತೋಷಪಡಿ. ಜೊತೆಗೆ ಈ ಸಹಿಗಳನ್ನೂ ತೋರಿಸಿರೆಂದು ಕೇಳಿ. ಕಥೆಯ ಶಿಲ್ಪಿಗಿಂತ ಸಹಿ ಹಾಕಿದ ಶಿಲ್ಪಿ ನನಗಂತೂ ಹೆಚ್ಚು ಹತ್ತಿರದವನೆನಿಸುತ್ತಾನೆ.

ಗೈಡನ್ನು ಗೊತ್ತುಮಾಡುವುದಾದರೆ ಗುರುತಿನ ಚೀಟಿ ಇರುವವರನ್ನು ಕೇಳಿ, ಹಣವನ್ನು ಮೊದಲೇ ಮಾತನಾಡಿ, ಎಷ್ಟು ಹೊತ್ತು ಬೇಕೆಂಬುದನ್ನೂ ಆಗಲೇ ಹೇಳಿ. ಅವಸರದ ಅರ್ಧ ಗಂಟೆಯ ವಿವರಣೆಗಿಂತ ಹೊರಗೋಡೆ ಒಂದನ್ನೇ ಒಂದು ಗಂಟೆ ತೋರಿಸಿರೆಂದು ಕೇಳಿಕೊಳ್ಳುವುದು ಮೇಲು.

ಪ್ರದಕ್ಷಿಣೆ ಮುಗಿದ ಮೇಲೆ ಒಳಗೆ ಹೋಗಿ. ಹೊರಗಿನ ಬೆಳಕಿನಿಂದ ನವರಂಗಕ್ಕೆ ಕಾಲಿಟ್ಟಾಗ ಮೊದಲು ಏನೂ ಕಾಣದು. ಎರಡು ನಿಮಿಷ ಸುಮ್ಮನೆ ನಿಂತರೆ ಕಂಬಗಳ ಹೊಳಪು ತಾನಾಗಿ ಮೂಡಿಬರುತ್ತದೆ. ನಡುವಿನ ಭುವನೇಶ್ವರಿಯನ್ನು, ಅಂದರೆ ಕೆತ್ತನೆಯ ಚಾವಣಿಯನ್ನು, ನೋಡಲು ಕತ್ತು ನೋಯಿಸಿಕೊಳ್ಳುವ ಬದಲು ಪಕ್ಕದ ಜಗಲಿಯಲ್ಲಿ ಕುಳಿತು ಮೇಲೆ ನೋಡಿ. ಮೊದಲು ತಿರುಗುತ್ತಿತ್ತೆಂದು ಹೇಳುವ ನರಸಿಂಹ ಕಂಬವನ್ನು ತಿರುಗಿಸುವ ಸಾಹಸಕ್ಕೆ ಮಾತ್ರ ಯಾರೂ ಹೋಗಬಾರದು. ಮಂಗಳಾರತಿಯ ಹೊತ್ತಿಗೆ ಫೋಟೋ ತೆಗೆಯುವುದನ್ನು ನಿಲ್ಲಿಸಿ, ಅರ್ಚಕರಿಗೂ ಭಕ್ತರಿಗೂ ಅಡ್ಡ ನಿಲ್ಲದೆ ಬದಿಗೆ ಸರಿಯುವುದು ಸೌಜನ್ಯ.

ಬೇಲೂರಿನ ಶಾಸನವೊಂದರಲ್ಲಿ ಬರುವ ಸಂಸ್ಕೃತ ಶ್ಲೋಕವನ್ನು ಇಲ್ಲಿ ನೆನೆಯಬೇಕು. ಶೈವರು ಶಿವನೆಂದೂ, ವೇದಾಂತಿಗಳು ಬ್ರಹ್ಮನೆಂದೂ, ಬೌದ್ಧರು ಬುದ್ಧನೆಂದೂ, ನೈಯಾಯಿಕರು ಕರ್ತನೆಂದೂ, ಜೈನರು ಅರ್ಹನೆಂದೂ ಯಾರನ್ನು ಉಪಾಸಿಸುತ್ತಾರೋ ಆ ಕೇಶವನು ನಿಮ್ಮ ಬಯಕೆಯನ್ನು ಈಡೇರಿಸಲಿ ಎಂಬುದು ಅದರ ಸಾರ. ಹಾಸನದ ಸುತ್ತಲಿನ ಯಾತ್ರೆಯಲ್ಲಿ ಈ ಹೆಸರುಗಳಲ್ಲಿ ಹಲವು ಎದುರಾಗುವುದರಿಂದ ಶ್ಲೋಕದ ಅರ್ಥವನ್ನು ನೆಂಟರಿಗೆ ಹೇಳಿಟ್ಟರೆ ಮುಂದಿನ ದಾರಿ ಸುಗಮವಾಗುತ್ತದೆ.

ನಡುಹಗಲಿಗೆ ನೆರಳು, ಇಳಿಹೊತ್ತಿಗೆ ಹಳೇಬೀಡು

ಬೇಲೂರಿನಲ್ಲಿಯೇ ಊಟ ಮುಗಿಸಿ. ಅಲ್ಲಿಂದ ಹಳೇಬೀಡಿಗೆ 16 ಕಿಲೋಮೀಟರ್. ಮಧ್ಯಾಹ್ನದ ಸುಡುಬಿಸಿಲಿನ ಹೊತ್ತನ್ನು ದೊಡ್ಡ ಗುಡಿಗೆ ಕೊಡದೆ ಬಸ್ತಿಹಳ್ಳಿಯ ಬಸದಿಗಳಿಗೆ ಕೊಡಿ. ಹಳೇಬೀಡಿನ ದೊಡ್ಡ ಗುಡಿಯಾದ ಹೊಯ್ಸಳೇಶ್ವರದಿಂದ ಕೂಗಳತೆಯಲ್ಲಿದ್ದರೂ ಇಲ್ಲಿಗೆ ಬರುವವರು ಕಡಿಮೆ. 1133ರ ಪಾರ್ಶ್ವನಾಥ ಬಸದಿಯೊಳಗೆ ತಂಪಾದ ಕತ್ತಲಿನಲ್ಲಿ ಕಡೆದು ನಯಗೊಳಿಸಿದ ಕಪ್ಪು ಕಂಬಗಳಿವೆ. ಒಂದರ ಮುಂದೆ ನಿಂತು ಕೈ ಎತ್ತಿ. ಕಂಬದ ಮೈಯಲ್ಲಿ ಇನ್ನೊಂದು ಕೈ ಏಳುತ್ತದೆ. ಎಂಟುನೂರ ತೊಂಬತ್ತು ವರ್ಷಗಳ ಹಿಂದಿನ ಆ ಹೊಳಪು ಇನ್ನೂ ಮಾಸಿಲ್ಲ. ಮುಟ್ಟಿ ನೋಡುವ ಆಸೆ ಎಲ್ಲರಿಗೂ ಆಗುತ್ತದೆ, ಆದರೂ ಕೈಯ ಬೆವರು ಮತ್ತು ಎಣ್ಣೆ ಕಲ್ಲಿಗೆ ಒಳ್ಳೆಯದಲ್ಲ. ಹೊಯ್ಸಳೇಶ್ವರದ ಆವರಣದ ವಸ್ತುಸಂಗ್ರಹಾಲಯವನ್ನೂ ಈ ಹೊತ್ತಿನಲ್ಲಿಯೇ ನೋಡಬಹುದು. ಶುಕ್ರವಾರ ಅದಕ್ಕೆ ರಜೆ ಎಂಬುದು ನೆನಪಿರಲಿ.

ಮೂರು ಗಂಟೆಯ ನಂತರ ಹೊಯ್ಸಳೇಶ್ವರಕ್ಕೆ ಬನ್ನಿ. ಗುಡಿಯ ಹಿಂಬದಿಯ ಪಶ್ಚಿಮದ ಗೋಡೆಗೆ ಬಿಸಿಲು ತಿರುಗುವುದು ಆಗಲೇ, ಕೆತ್ತನೆಯ ಸಿರಿ ಇರುವುದೂ ಅಲ್ಲಿಯೇ. ಇದನ್ನು ತಿಳಿಯದೆ ಬೆಳಿಗ್ಗೆ ಹಳೇಬೀಡು, ಸಂಜೆ ಬೇಲೂರು ಮಾಡುವವರು ಎರಡರಲ್ಲೂ ನೆರಳಿನ ಗೋಡೆಯನ್ನೇ ನೋಡಿ ಹಿಂದಿರುಗುತ್ತಾರೆ.

ನೋಡುವುದನ್ನು ದಕ್ಷಿಣದ ಬಾಗಿಲಿನಿಂದ ಪ್ರಾರಂಭಿಸಬೇಕು. ಬಾಗಿಲಿನ ಎಡಬದಿಯಲ್ಲಿ ನರ್ತಿಸುವ ಗಣಪತಿಯಿದ್ದಾನೆ. ಅವನಿಂದ ತೊಡಗಿದ ದೊಡ್ಡ ಮೂರ್ತಿಗಳ ಸಾಲು ಪಶ್ಚಿಮವನ್ನು ಬಳಸಿ ಉತ್ತರದ ಬಾಗಿಲ ಬಳಿ ಮತ್ತೊಬ್ಬ ಗಣಪತಿಯಲ್ಲಿ ಮುಗಿಯುತ್ತದೆ. ಅಂದರೆ ಗೋಡೆಯನ್ನು ಓದುವ ದಿಕ್ಕು ಕೂಡ ಪ್ರದಕ್ಷಿಣೆಯ ದಿಕ್ಕೇ. ಕೆಳಗಿನ ಪಟ್ಟಿಗಳನ್ನು ಬುಡದಿಂದ ಮೇಲಕ್ಕೆ ಓದಿ: ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ, ಆಮೇಲೆ ಪುರಾಣದ ಕಥೆಗಳು, ಮೇಲೆ ಮಕರ, ಕೊನೆಗೆ ಹಂಸ. ಕಥೆಯ ಪಟ್ಟಿ ಗೇಣಿನಷ್ಟೇ ಎತ್ತರದ್ದು. ಅದಕ್ಕಾಗಿ ಬಗ್ಗಬೇಕು, ಕೆಲವೊಮ್ಮೆ ಕುಕ್ಕರುಗಾಲಿನಲ್ಲಿ ಕೂರಬೇಕು. ಹಾಗೆ ಕುಳಿತವರಿಗೆ ಚಕ್ರವ್ಯೂಹದೊಳಗೆ ಸಿಕ್ಕಿಬಿದ್ದ ಅಭಿಮನ್ಯು ಸಿಗುತ್ತಾನೆ. ವ್ಯೂಹವನ್ನು ಶಿಲ್ಪಿ ಸುರುಳಿಯಾಗಿ ಸುತ್ತಿದ್ದಾನೆ. ನಮ್ಮ ಮನೆಗೆ ಬಂದ ಹುಡುಗನೊಬ್ಬ ಆ ಸುರುಳಿಯ ಮೇಲೆ ಗಾಳಿಯಲ್ಲಿಯೇ ಬೆರಳಾಡಿಸಿ ಹೊರದಾರಿ ಹುಡುಕುತ್ತ ಕುಳಿತುಬಿಟ್ಟ; ಅವನನ್ನು ಎಬ್ಬಿಸುವುದರೊಳಗೆ ಸಾಕಾಯಿತು. ಮೇಲಿನ ಸಾಲಿನಲ್ಲಿ ಕೈಲಾಸವನ್ನೆತ್ತುವ ರಾವಣನನ್ನು ಮಾತ್ರ ತಪ್ಪಿಸಬೇಡಿ. ಬೆಟ್ಟದ ಪದರಗಳಲ್ಲಿ ಪ್ರಾಣಿಗಳೂ ಗಣಗಳೂ ಕಿಕ್ಕಿರಿದಿದ್ದಾರೆ.

ಗುಡಿಯ ದಕ್ಷಿಣಕ್ಕೆ ನಿಂತ ಗರುಡಗಂಬವನ್ನು ಬಹಳ ಮಂದಿ ದಾಟಿಹೋಗುತ್ತಾರೆ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನಿಗೆ ಬದುಕನ್ನೇ ಮುಡಿಪಿಟ್ಟ ಕುವರ ಲಕ್ಷ್ಮ ಮತ್ತು ಅವನೊಡನೆ ಪ್ರಾಣಬಿಟ್ಟವರ ನೆನಪಿನ ಕಂಬವದು. ಕಂಬದ ಮೇಲಿನ ಸಣ್ಣ ಆಕೃತಿಗಳು ತಮ್ಮ ತಲೆಯನ್ನು ತಾವೇ ಕೊಡುತ್ತಿರುವುದನ್ನು ಕಂಡಾಗ ಮಾತು ನಿಲ್ಲುತ್ತದೆ. ಮಕ್ಕಳಿದ್ದರೆ ವಿವರಿಸುವುದೋ ಬಿಡುವುದೋ ನಿಮ್ಮ ವಿವೇಚನೆಗೆ ಬಿಟ್ಟದ್ದು.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು ಮತ್ತು ಮೈಸೂರು ಜಿಲ್ಲೆಯ ಸೋಮನಾಥಪುರ ಒಟ್ಟಾಗಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ವಾರಾಂತ್ಯದಲ್ಲಿ ಹೋದವರು ಜನಜಂಗುಳಿಗೆ ಸಿದ್ಧರಾಗಿಯೇ ಹೋಗಬೇಕು, ಮಂಗಳವಾರ–ಬುಧವಾರಗಳು ಹಿತ. ಅರಿಶಿನ–ಕುಂಕುಮ ಹಚ್ಚುವುದು, ಕಲ್ಲಿನ ಸಂದಿಗೆ ನಾಣ್ಯ ಸಿಕ್ಕಿಸುವುದು, ಹೆಸರು ಗೀಚುವುದು, ಇವೆಲ್ಲ ಭಕ್ತಿಯೂ ಅಲ್ಲ, ನೆನಪೂ ಅಲ್ಲ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ, ಅದರ 2010ರ ತಿದ್ದುಪಡಿಯಂತೆ, ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಉಂಟು.

ಇನ್ನೊಂದು ದಿನ ಇದ್ದರೆ

ಎರಡನೆಯ ದಿನವನ್ನು ಎತ್ತ ತಿರುಗಿಸಬೇಕೆಂಬುದು ನೆಂಟರ ಮನಸ್ಸಿನ ಮೇಲಿದೆ. ಗದ್ದಲ ಬೇಡವೆನ್ನುವವರನ್ನು ನಾನು ಬೇಲೂರು ರಸ್ತೆಯಿಂದ ಕವಲೊಡೆಯುವ ದೊಡ್ಡಗದ್ದವಳ್ಳಿಗೆ ಕರೆದೊಯ್ಯುತ್ತೇನೆ. ಬೇಲೂರಿಗಿಂತ ಮೊದಲು, 1113ರ ಸುಮಾರಿಗೆ, ವರ್ತಕ ದಂಪತಿ ಕಟ್ಟಿಸಿದ ಲಕ್ಷ್ಮೀದೇವಿಯ ಗುಡಿ ಅದು. ನಾಲ್ಕು ಗರ್ಭಗುಡಿಗಳು ಒಂದೇ ನಡುಮನೆಗೆ ತೆರೆದುಕೊಳ್ಳುತ್ತವೆ. ಕಾಳಿಯ ಗುಡಿಯ ಬಾಗಿಲಲ್ಲಿ ಎಲುಬಿನ ಹಂದರದಂತಹ ಬೇತಾಳಗಳು ಕಾವಲು ನಿಂತಿವೆ. ಕೈಯಲ್ಲೊಂದು ಸಣ್ಣ ಟಾರ್ಚ್ ಇರಲಿ. ಹಾಸನದ ಮಗ್ಗುಲಿನ ಮೊಸಳೆಯಲ್ಲಿ ನಾಗೇಶ್ವರ, ಚೆನ್ನಕೇಶವರ ಅವಳಿ ಗುಡಿಗಳಿವೆ. ರೈಲಿನಲ್ಲಿ ಅರಸೀಕೆರೆಗೆ ಇಳಿಯುವವರು ಅಲ್ಲಿನ ಈಶ್ವರ ದೇವಾಲಯದ ನಕ್ಷತ್ರಾಕಾರದ ಮಂಟಪವನ್ನು ದಾರಿಯಲ್ಲಿಯೇ ನೋಡಬಹುದು.

ಚಿಕ್ಕಮಗಳೂರಿನ ಕಡೆ ತಿರುಗುವವರಿಗೆ ಹಳೇಬೀಡಿನ ಹತ್ತಿರದ ಬೆಳವಾಡಿಯಲ್ಲಿ ವೀರನಾರಾಯಣ, ವೇಣುಗೋಪಾಲ, ಯೋಗಾನರಸಿಂಹರ ತ್ರಿಕೂಟ (ಮೂರು ಗರ್ಭಗುಡಿಗಳ ದೇಗುಲ) ಇದೆ. ತರೀಕೆರೆಯ ಬಳಿಯ ಅಮೃತಾಪುರ ಸ್ವಲ್ಪ ದೂರವಾದರೂ ನಾನು ಶಿಫಾರಸು ಮಾಡುವ ಸ್ಥಳ. 1196ರ ಅಮೃತೇಶ್ವರ ಗುಡಿಯ ಶಾಸನದ ಪದ್ಯಗಳು ಕವಿ ಜನ್ನನವು. ಇಲ್ಲಿ ಮೇಲೆ ಹೇಳಿದ ನಿಯಮವನ್ನು ಮುರಿಯಬೇಕಾಗುತ್ತದೆ: ದಕ್ಷಿಣದ ಕಿರುಗೋಡೆಯ ಮೇಲಿನ ರಾಮಾಯಣ ಅಪ್ರದಕ್ಷಿಣವಾಗಿ ಸಾಗುತ್ತದೆ. ಆದ್ದರಿಂದ ಮೊದಲು ಪ್ರದಕ್ಷಿಣೆ ಮುಗಿಸಿ, ಆಮೇಲೆ ಕಥೆಗಾಗಿ ಹಿಂದಿರುಗಿ ನಡೆಯಿರಿ.

ಶೃಂಗೇರಿಗೆ ಹೊರಡುವವರು ಪಂಚೆ–ಶಲ್ಯವನ್ನು ಚೀಲದಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಶಾರದಾಂಬೆಯ ದರ್ಶನದ ಅವಸರದಲ್ಲಿ ಪಕ್ಕದ ವಿದ್ಯಾಶಂಕರ ದೇಗುಲದ ಹನ್ನೆರಡು ರಾಶಿ ಕಂಬಗಳನ್ನು ಬಿಟ್ಟುಬರಬೇಡಿ. ನಿಮ್ಮ ನಿಮ್ಮ ರಾಶಿಯ ಕಂಬವನ್ನು ಹುಡುಕಲು ಹಿರಿಯರಿಗೂ ಉತ್ಸಾಹ ಬರುತ್ತದೆ. ಮಳೆಗಾಲದಲ್ಲಿ ಘಟ್ಟದ ರಸ್ತೆಯನ್ನು ಕತ್ತಲಾದ ಮೇಲೆ ಹಿಡಿಯಬೇಡಿ.

ಶ್ರವಣಬೆಳಗೊಳದ ವಿಂಧ್ಯಗಿರಿಗೆ ಬಂಡೆಯಲ್ಲಿಯೇ ಕಡಿದ ಆರುನೂರಕ್ಕೂ ಮೀರಿದ ಮೆಟ್ಟಿಲುಗಳಿವೆ, ಚಪ್ಪಲಿ ಕೆಳಗೇ ಬಿಡಬೇಕು. ಬೆಳಗಾಗುತ್ತಿದ್ದಂತೆ ಹತ್ತಿ ಒಂಬತ್ತರೊಳಗೆ ಇಳಿದವರೇ ಜಾಣರು. ಹತ್ತಲಾರದವರಿಗೆ ಡೋಲಿಯಿದೆ, ದರವನ್ನು ಏರುವ ಮೊದಲೇ ಮಾತನಾಡಿ. 981ರ ಸುಮಾರಿಗೆ ಚಾವುಂಡರಾಯನು ಮಾಡಿಸಿದ, 58 ಅಡಿಯಷ್ಟು ಎತ್ತರದ ಗೊಮ್ಮಟನ ಪಾದದ ಪಕ್ಕದ ಬರಹವನ್ನು ಗಮನಿಸಿ. ಮಾಡಿಸಿದವನ ಹೆಸರು ಅಲ್ಲಿಯೇ ಇದೆ. ಹನ್ನೆರಡು ವರ್ಷಕ್ಕೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕ ಕಳೆದ ಸಲ ಆದದ್ದು 2018ರಲ್ಲಿ.

ಬೌದ್ಧ ವಿಹಾರ ನೋಡಬೇಕೆನ್ನುವವರು ಅರಕಲಗೂಡು, ರಾಮನಾಥಪುರ, ಕುಶಾಲನಗರದ ದಾರಿಯಲ್ಲಿ ಬೈಲುಕುಪ್ಪೆಗೆ ಹೋಗಿ ಒಂದೇ ದಿನದಲ್ಲಿ ಹಾಸನಕ್ಕೆ ಮರಳಬಹುದು. ಟಿಬೆಟಿನಿಂದ ಬಂದ ನಿರಾಶ್ರಿತರು 1960ರ ದಶಕದಿಂದ ನೆಲೆಸಿದ ಊರು ಅದು. ನಾಮ್‌ಡ್ರೋಲಿಂಗ್ ವಿಹಾರದ ಚಿನ್ನದ ದೇಗುಲದಲ್ಲಿ ಬುದ್ಧ, ಪದ್ಮಸಂಭವ ಮತ್ತು ಅಮಿತಾಯುಸ್ಸಿನ ಮೂರು ಭಾರಿ ಮೂರ್ತಿಗಳಿವೆ. ಸ್ತೂಪವನ್ನೂ ಪ್ರಾರ್ಥನಾ ಚಕ್ರಗಳ ಸಾಲನ್ನೂ ಬಲಕ್ಕಿಟ್ಟುಕೊಂಡೇ ಸುತ್ತಬೇಕು, ಚಕ್ರವನ್ನು ತಿರುಗಿಸುವುದೂ ಅದೇ ದಿಕ್ಕಿಗೆ. ಬೇಲೂರಿನಲ್ಲಿ ಸುತ್ತು ಬಂದ ಕಾಲಿಗೆ ಇದನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ. ಪ್ರಾರ್ಥನೆ ನಡೆಯುವಾಗ ಟೋಪಿ ತೆಗೆದು, ಮೂರ್ತಿಯ ಕಡೆ ಕಾಲು ಚಾಚದೆ, ಹಿಂದೆ ಗೋಡೆಯ ಬದಿಗೆ ಕುಳಿತುಕೊಳ್ಳಿ. ಓದುವ ಕಿರಿಯ ಭಿಕ್ಷುಗಳ ಮುಖಕ್ಕೆ ಕ್ಯಾಮೆರಾ ಹಿಡಿಯುವ ಮುನ್ನ ಕೇಳಬೇಕು. ವಿದೇಶಿ ಅತಿಥಿಗಳು ಅಲ್ಲಿ ರಾತ್ರಿ ತಂಗಲು ಮುಂಚಿತವಾಗಿ ಸರ್ಕಾರದ ಪರವಾನಗಿ ಪಡೆದಿರಬೇಕು.

ಹಾಸನದಲ್ಲಿಯೇ ಇರುವ ಹಾಸನಾಂಬೆಯ ಗುಡಿಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಆಶ್ವಯುಜ ಹುಣ್ಣಿಮೆಯ ನಂತರದ ಗುರುವಾರ ತೆರೆಯುವ ಬಾಗಿಲು ಬಲಿಪಾಡ್ಯಮಿ ಕಳೆದ ಮರುದಿನ ಮುಚ್ಚುತ್ತದೆ. ಉಳಿದಂತೆ ವರ್ಷವಿಡೀ ದರ್ಶನವಿಲ್ಲ. ಆ ದಿನಗಳಲ್ಲಿ ಸರದಿ ಸಾಲು ಊರ ಬೀದಿಗಳಿಗೆ ಚಾಚುವುದರಿಂದ ಹಿರಿಯರಿದ್ದರೆ ನಸುಕಿನಲ್ಲಿಯೇ ಸಾಲಿಗೆ ನಿಲ್ಲಿ, ಕುಡಿಯುವ ನೀರು ಜೊತೆಗಿರಲಿ. ಹಾಸನದ ವಸತಿಗೃಹಗಳಲ್ಲಿ ಆಗ ಕೊಠಡಿ ಸಿಗುವುದು ಕಷ್ಟ. ನಮ್ಮಂಥವರ ಮನೆಯ ಜಗಲಿಯೂ ತುಂಬಿರುತ್ತದೆ, ಹಾಗಾಗಿ ಬೇಲೂರಿನಲ್ಲೋ ಚಿಕ್ಕಮಗಳೂರಿನಲ್ಲೋ ಮೊದಲೇ ಒಂದು ಕೊಠಡಿ ಹಿಡಿದಿಟ್ಟುಕೊಂಡು ಬನ್ನಿ.